ಓದಲು ಬಾರದ ಯಜಮಾನ

ಪಿಎಚ್.ಡಿ. ಕೆಲಸಕ್ಕೆಂದು ಹಳೆಯ ಸಿ.ಡಿ.ಯೊಂದರಲ್ಲಿದ್ದ ಲೇಖನ ತೆರೆದೆ. ನುಡಿಯಲ್ಲಿ ಟೈಪ್ ಮಾಡಿದ್ದು. ನನ್ನ ಲ್ಯಾಪ್‌ಟಾಪಿನಲ್ಲಿ ಆ ಫಾಂಟ್ ಇರಲಿಲ್ಲ. ಕನ್ನಡದ ಬದಲು ಕೊಂಬು, ಬಾಲ ಮೂಡಿದ ಇಂಗ್ಲಿಷ್ ಅಕ್ಷರಗಳ ಸಾಲು ಕಂಡಿತು. ಯೂನಿಕೋಡಿಗೆ ಬದಲಿಸಿ, ಕೆಟ್ಟ ಒತ್ತಕ್ಷರಗಳನ್ನು ತಿದ್ದುವುದರಲ್ಲಿ ಒಂದು ಸಂಜೆ ಕಳೆಯಿತು. ನನಗಿದು ಬರೀ ಕಿರಿಕಿರಿ. ಮ್ಯಾನ್ಮಾರಿನಲ್ಲಿ ಇಂಥದೇ ತೊಡಕು ಜೀವಗಳ ಪ್ರಶ್ನೆಯೊಂದಿಗೆ ಬೆರೆತಿತ್ತು.

ಅಚ್ಚಿಗೆ ಮುನ್ನ ಬರಹವನ್ನು ಸರ್ಕಾರಕ್ಕೆ ತೋರಿಸಬೇಕೆಂಬ ಕಟ್ಟಳೆ ಅಲ್ಲಿ ಕೊನೆಗೊಂಡದ್ದು 2012ರಲ್ಲಿ. 2014ರಲ್ಲಿ ವಿದೇಶಿ ಮೊಬೈಲ್ ಕಂಪನಿಗಳು ಬಂದವು. ಹಿಂದೆ ನೂರಾರು ಡಾಲರ್ ಬೆಲೆಯಿದ್ದ ಸಿಮ್ ಒಂದೂವರೆ ಡಾಲರಿಗೆ ಸಿಗತೊಡಗಿತು. ಬಹಳ ಮಂದಿಗೆ ಇಂಟರ್ನೆಟ್ ಎಂದರೆ ಫೇಸ್‌ಬುಕ್ಕೇ. ಅವರು ಬರೆಯುತ್ತಿದ್ದುದು ಹೆಚ್ಚಾಗಿ ಯೂನಿಕೋಡಿಗೆ ಹೊಂದದ ಝಾಗ್ಯಿ ಫಾಂಟಿನಲ್ಲಿ. ಜನ ಅದನ್ನು ಸಲೀಸಾಗಿ ಓದುತ್ತಿದ್ದರು, ಕ್ಯಾಲಿಫೋರ್ನಿಯಾದ ಕಂಪನಿಯ ಯಂತ್ರಗಳು ತಡವರಿಸುತ್ತಿದ್ದವು. 2015ರ ಆರಂಭದಲ್ಲಿ ಪೋಸ್ಟುಗಳನ್ನು ಪರಿಶೀಲಿಸುವವರಲ್ಲಿ ಬರ್ಮೀಸ್ ಬಲ್ಲವರು ಇಬ್ಬರೇ ಇದ್ದರೆಂದು ರಾಯಿಟರ್ಸ್ 2018ರಲ್ಲಿ ವರದಿ ಮಾಡಿತು. ರೋಹಿಂಗ್ಯಾಗಳನ್ನು ಕಂಡಲ್ಲಿ ಕೊಲ್ಲಿ ಎಂಬರ್ಥದ ಪೋಸ್ಟೊಂದು ಫೇಸ್‌ಬುಕ್ಕಿನ ಅನುವಾದದಲ್ಲಿ, ಮ್ಯಾನ್ಮಾರಿನಲ್ಲಿ ನನಗೆ ಕಾಮನಬಿಲ್ಲು ಇರಬಾರದು ಎಂದಾಗಿತ್ತು!

ಕಾಮನಬಿಲ್ಲು. ಈ ಪದವನ್ನು ದಾಟಿ ಮುಂದೆ ಹೋಗಲು ನನಗೆ ಬಹಳ ದಿನ ಆಗಲಿಲ್ಲ.

ಅರ್ಥವಾಗದ ಮಾತಿಗೆ ಹೊಣೆ ಹೊರಿಸಬಹುದೆ? ತಂತಿಯಲ್ಲಿ ಯಾರು ಏನು ಮಾತಾಡಿದರೂ ಟೆಲಿಫೋನ್ ಇಲಾಖೆಯನ್ನು ನಾವು ದೂರುವುದಿಲ್ಲ ನಿಜ. ಆದರೆ ಟೆಲಿಫೋನು ಇಬ್ಬರ ಜಗಳವನ್ನು ಆರಿಸಿ ಊರಿಗೆಲ್ಲ ಕೇಳಿಸುವುದಿಲ್ಲ. ಫೇಸ್‌ಬುಕ್ ಸಂತೆ ಕಟ್ಟಿದವನ ಹಾಗೆ: ಸುಂಕ ಎತ್ತುತ್ತದೆ, ಯಾವ ಅಂಗಡಿ ಮುಂದಿರಬೇಕೆಂದೂ ತಾನೇ ಗೊತ್ತುಮಾಡುತ್ತದೆ. ಸುಂಕದ ಲೆಕ್ಕ ಗೊತ್ತಾಗುವವನಿಗೆ ಸಂತೆಯ ಭಾಷೆ ಮಾತ್ರ ಗೊತ್ತಾಗದಿದ್ದರೆ, ಅದು ಅಜ್ಞಾನವಲ್ಲ. ತಿಳಿಯಲು ಖರ್ಚು ಮಾಡಲಿಲ್ಲ, ಅಷ್ಟೆ. ಅಲ್ಲಿನ ನಾಗರಿಕ ಸಂಘಟನೆಗಳು ವರ್ಷಗಳಿಂದ ಎಚ್ಚರಿಸುತ್ತಲೇ ಇದ್ದವು.

2017ರ ಆಗಸ್ಟ್‌ನಿಂದಾಚೆಗೆ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಬಾಂಗ್ಲಾದೇಶಕ್ಕೆ ಓಡಿಹೋದರು. ಬಂದೂಕು ಸೇನೆಯದು, ದ್ವೇಷವೂ ಫೇಸ್‌ಬುಕ್ಕಿಗಿಂತ ಹಳೆಯದು. ಎಲ್ಲವನ್ನೂ ಕಂಪನಿಯ ತಲೆಗೆ ಕಟ್ಟಿದರೆ ಕೊಂದವರು ಹಗುರಾಗುತ್ತಾರೆ. ತಾನು ಮಾಡಬೇಕಾದಷ್ಟು ಮಾಡಲಿಲ್ಲವೆಂದು 2018ರ ನವೆಂಬರಿನಲ್ಲಿ ಕಂಪನಿಯೇ ಒಪ್ಪಿಕೊಂಡಿತು.

ಹಾಗಾದರೆ ಸಂತೆಯನ್ನೇ ಮುಚ್ಚಬೇಕಿತ್ತೆ? ಹೌದೆಂದು ಬರೆದಿಟ್ಟಿದ್ದೆ, ಆಮೇಲೆ ಹೊಡೆದುಹಾಕಿದೆ. 2021ರ ಫೆಬ್ರವರಿಯಲ್ಲಿ ಅಧಿಕಾರ ಕಿತ್ತುಕೊಂಡ ಸೇನೆ ಕೆಲವೇ ದಿನಗಳಲ್ಲಿ ಫೇಸ್‌ಬುಕ್ಕನ್ನು ತಡೆಯಿತು. ಜನ ವಿಪಿಎನ್ ಹಾಕಿಕೊಂಡು ಅಲ್ಲಿಗೇ ಮರಳಿ ಪ್ರತಿಭಟನೆಯ ಸುದ್ದಿಯನ್ನು ಹೊರಜಗತ್ತಿಗೆ ಮುಟ್ಟಿಸಿದರು.

ಆಗಿನ ಕೆಲವು ಪೋಸ್ಟುಗಳನ್ನು ನಾನೂ ಓದಿದ್ದೇನೆ, ಅನುವಾದದ ಗುಂಡಿ ಒತ್ತಿ. ನನಗೂ ಬರ್ಮೀಸ್ ಬಾರದು.