ಪರದೇಶದ ರಾತ್ರಿಯೂ ವ್ರತದ ಮಿತಿಯೂ



ಒಂಬತ್ತು ವರ್ಷಗಳ ಹಿಂದಿನ ಅನಂತ ಚತುರ್ದಶಿಯಂದು ನಾನೊಂದು ತಪ್ಪು ಮಾಡಿದೆ. ನಮ್ಮ ಹುಲಗೂರಿನ ಶ್ರಾವಕ ಮನೆತನವೊಂದರ ಹದಿಮೂರು ವರ್ಷದ ಬಾಲಿಕೆ ಅಂದು ನಿರಾಹಾರ ಉಪವಾಸ ಹಿಡಿದಿದ್ದಾಳೆಂದು ಕೇಳಿ, ಪೂಜೆಗೆ ನೆರೆದವರ ಎದುರಿಗೆ ಆಕೆಯನ್ನು ಕೊಂಡಾಡಿದೆ. ಹನ್ನೊಂದನೆಯ ವಯಸ್ಸಿನಿಂದ ಆಕೆಗೆ ಮಧುಮೇಹವಿದ್ದುದು ನನಗೆ ಗೊತ್ತಿತ್ತು, ಗೊತ್ತಿದ್ದೂ ಕೊಂಡಾಡಿದೆ. ಸಂಜೆಯ ಹೊತ್ತಿಗೆ ಮಗು ಪ್ರಜ್ಞೆ ತಪ್ಪಿ ಬಿದ್ದಿತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಎರಡು ದಿನವಿದ್ದು ಮನೆಗೆ ಮರಳಿತು.

ಅದೇ ಹುಡುಗಿ ಕಳೆದ ವರ್ಷ ಹೆಚ್ಚಿನ ವಿದ್ಯಾಭ್ಯಾಸಕ್ಕೆಂದು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರಕ್ಕೆ ಹೊರಟು, ಹೇಳಿಹೋಗಲು ನನ್ನಲ್ಲಿಗೆ ಬಂದಳು. “ಅಜ್ಜಾರ, ನನಗೆ ರಾತ್ರಿಭೋಜನ ತ್ಯಾಗದ ನಿಯಮವಿದೆ. ಅಲ್ಲಿ ರಾತ್ರಿ ಒಬ್ಬಳೇ ಇರುವಾಗ ಸಕ್ಕರೆ ಇಳಿದರೆ ಏನು ಮಾಡಲಿ?” ಎಂದು ಕೇಳಿದಳು.

ವೃದ್ಧಾಪ್ಯದಲ್ಲಿ ನಮ್ಮಂಥವರಿಗೆ ಬರುವ ಸಕ್ಕರೆ ರೋಗ ಇದಲ್ಲ. ಇದರಲ್ಲಿ ಶರೀರ ತಾನಾಗಿ ಇನ್ಸುಲಿನ್ ತಯಾರಿಸುವುದನ್ನೇ ನಿಲ್ಲಿಸಿರುತ್ತದೆ. ಅದನ್ನು ನಿತ್ಯ ಚುಚ್ಚಿಕೊಂಡೇ ಬಾಳಬೇಕು. ಉಪವಾಸವಿದ್ದರೂ ಔಷಧವನ್ನು ಪೂರ್ತಿ ಬಿಡುವಂತಿಲ್ಲ. ಔಷಧ ಹೆಚ್ಚಾದರೆ, ಊಟ ತಪ್ಪಿದರೆ, ಬಹಳ ನಡೆದರೂ ಸಕ್ಕರೆ ಕುಸಿಯುತ್ತದೆ. ಹಗಲು ನಡೆದ ಆಯಾಸದ ಫಲ ನಡುರಾತ್ರಿ ಕಾಣಿಸಿಕೊಳ್ಳುವುದುಂಟು. ಸಕ್ಕರೆಯ ಅಂಶ 70ಕ್ಕಿಂತ ಕೆಳಗಿಳಿದರೆ ಸುಮಾರು 15 ಗ್ರಾಂ ಗ್ಲೂಕೋಸ್ ಸೇವಿಸಿ, 15 ನಿಮಿಷದ ಮೇಲೆ ಮತ್ತೆ ಪರೀಕ್ಷಿಸಬೇಕೆಂಬುದು ವೈದ್ಯರ ವಿಧಿ. ಇನ್ನು ಅಲ್ಲಿಯ ಸೂರ್ಯನೋ, ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂ ಮುಕ್ಕಾಲಿಗೆ ಮುಳುಗಿ ಮರುದಿನ ಎಂಟೂವರೆ ದಾಟಿದ ಮೇಲೆ ಹುಟ್ಟುವನು. ಹದಿನೇಳು ಗಂಟೆಗಳ ರಾತ್ರಿ! ನಮ್ಮ ಹಿರಿಯರು ನಿಯಮ ಹೇಳುವಾಗ ಅವರ ಕಣ್ಣೆದುರಿಗಿದ್ದುದು ನಮ್ಮ ನಾಡಿನ ಹಗಲಿರುಳು.

ಪರದೇಶಕ್ಕೆ ಹೋಗುವ ವಿದ್ಯಾರ್ಥಿಗೆ ವ್ರತದ ಕಟ್ಟು ಕೊಟ್ಟು ಕಳುಹಿಸುವುದು ಹೊಸ ಪದ್ಧತಿಯಲ್ಲ. 1888ರಲ್ಲಿ ತರುಣ ಗಾಂಧಿಯವರು ಲಂಡನ್ನಿಗೆ ಹೊರಟಾಗ, ಜೈನ ಸಾಧು ಬೇಚರ್‌ಜಿ ಸ್ವಾಮಿಗಳು ಮದ್ಯ, ಮಾಂಸ, ಪರಸ್ತ್ರೀಯರನ್ನು ಮುಟ್ಟೆನೆಂಬ ಪ್ರತಿಜ್ಞೆ ಮಾಡಿಸಿದ ಮೇಲೆಯೇ ತಾಯಿ ಒಪ್ಪಿದ್ದು. 1914ರಲ್ಲಿ ಕೇಂಬ್ರಿಜ್ಜಿಗೆ ಹೋದ ಗಣಿತಜ್ಞ ರಾಮಾನುಜನ್ ಶಾಕಾಹಾರವನ್ನು ಬಿಡದೆ ತಾವೇ ಅಡಿಗೆ ಮಾಡಿಕೊಂಡರು. ಯುದ್ಧಕಾಲದ ಅಭಾವ, 1917ರಲ್ಲಿ ಕಾಯಿಲೆ ಬಿದ್ದರು, 1919ರಲ್ಲಿ ಮರಳಿ, ಮರುವರ್ಷ 32ನೆಯ ವಯಸ್ಸಿಗೆ ತೀರಿಕೊಂಡರು. ನಿಯಮವೇ ರೋಗಕ್ಕೆ ಕಾರಣವೆಂದು ನಾನು ಹೇಳುತ್ತಿಲ್ಲ. ಆದರೆ ಪರಸ್ಥಳದಲ್ಲಿ ನಿಯಮ, ರೋಗ, ಒಂಟಿತನ ಮೂರೂ ಒಬ್ಬನ ಹೆಗಲೇರಿದರೆ ಆ ಭಾರ ಎಷ್ಟೆಂಬುದನ್ನು ಮನೆಯಲ್ಲಿ ಕುಳಿತ ನಾವು ಎಣಿಸಬೇಕು.

ಹುಡುಗಿಯ ಅಜ್ಜಿ ನನ್ನೊಡನೆ ವಾದಿಸಿದರು. ದೇಹ ಬೇರೆ, ಆತ್ಮ ಬೇರೆ. ದೇಹಕ್ಕಾಗಿ ನಿಯಮ ಮುರಿಯುವುದೆಂತು? ಪ್ರಶ್ನೆ ಹಗುರವಾದುದಲ್ಲ. ಆದರೆ ಪ್ರಮಾದದಿಂದ ಪ್ರಾಣಕ್ಕೆ ಘಾತವಾದರೆ ಅದು ಹಿಂಸೆ. ತನ್ನ ಪ್ರಾಣವೂ ಪ್ರಾಣವೇ. ಕಿಸೆಯಲ್ಲಿ ಗ್ಲೂಕೋಸ್ ಇಟ್ಟುಕೊಂಡು ಪ್ರಜ್ಞೆ ತಪ್ಪುವವರೆಗೆ ಕಾಯುವುದನ್ನು ತಪಸ್ಸೆಂದು ಕರೆಯಲು ನನ್ನ ನಾಲಗೆ ಏಳದು. ಷೋಡಶ ಭಾವನೆಗಳಲ್ಲಿ ತ್ಯಾಗಕ್ಕೂ ತಪಸ್ಸಿಗೂ ‘ಶಕ್ತಿಗೆ ತಕ್ಕಂತೆ’ ಎಂಬ ವಿಶೇಷಣ ಸೇರಿರುವುದು ಅಲಂಕಾರಕ್ಕಲ್ಲ. ಸಮಂತಭದ್ರಾಚಾರ್ಯರ ಕಥೆ ಎಲ್ಲರಿಗೂ ತಿಳಿದದ್ದೇ. ಭಸ್ಮಕ ವ್ಯಾಧಿಯಿಂದ ಬೆಂದು ಸಲ್ಲೇಖನವನ್ನು ಬೇಡಿದಾಗ ಗುರುಗಳು ಒಪ್ಪಲಿಲ್ಲ. ದೀಕ್ಷೆಯನ್ನು ಬಿಟ್ಟಾದರೂ ವ್ಯಾಧಿಯನ್ನು ಶಮನಗೊಳಿಸಿಕೊ ಎಂದರು. ಆಚಾರ್ಯರು ದೂರದೇಶಕ್ಕೆ ಹೋಗಿ, ಗುಣಹೊಂದಿ, ಮತ್ತೆ ದೀಕ್ಷೆ ಪಡೆದರು. ಮಹಾವ್ರತಿಗೇ ಗುರು ತೋರಿದ ಈ ದಾರಿಯನ್ನು ಬಾಲೆಯೊಬ್ಬಳಿಗೆ ಮುಚ್ಚಲು ನಾವಾರು?

ಆದರೂ ಒಂದು ತೊಡಕುಂಟು. ಔಷಧದ ಹೆಸರಿನಲ್ಲಿ ನಾಲಗೆಯ ಚಪಲವೂ ಒಳಗೆ ನುಸುಳಬಲ್ಲದು. ‘ತಲೆನೋವು’ ಎಂದು ರಾತ್ರಿ ಚಹಾ ಕುಡಿಯುವ ನಿಯಮಸ್ಥರನ್ನು ನಾನು ಬಲ್ಲೆ. ಇಲ್ಲಿ ಹುಡುಗಿಗೆ ಒಂದು ಅನುಕೂಲವಿದೆ: ಬೆರಳ ತುದಿಯ ರಕ್ತದ ಹನಿ ಅಂಕಿಯನ್ನೇ ಹೇಳುತ್ತದೆ. ಅಂಕಿ 70ಕ್ಕಿಂತ ಕೆಳಗಿದ್ದರೆ ಔಷಧ, ಮೇಲಿದ್ದರೆ ಆಹಾರ. ಇಷ್ಟು ನಿಷ್ಠುರವಾದ ಸಾಕ್ಷಿ ನಮ್ಮಲ್ಲಿ ಯಾರ ವ್ರತಕ್ಕಿದೆ?

ಚುಚ್ಚುಮದ್ದಿನ ಬಗೆಗೂ ಅಜ್ಜಿಗೆ ಶಂಕೆಯಿತ್ತು; ಅದು ನಿರಾಧಾರವಲ್ಲ. 1921ರಲ್ಲಿ ಟೊರಾಂಟೋದಲ್ಲಿ ಇನ್ಸುಲಿನ್ ಕಂಡುಹಿಡಿದ ಮೇಲೆ ಹಲವು ದಶಕ ಅದನ್ನು ದನ, ಹಂದಿಗಳ ಮೇದೋಜೀರಕ ಗ್ರಂಥಿಯಿಂದಲೇ ತೆಗೆಯುತ್ತಿದ್ದರು. 1982ರಿಂದ ಬ್ಯಾಕ್ಟೀರಿಯಾದ ಮೂಲಕ ತಯಾರಾದ ಇನ್ಸುಲಿನ್ ಬಳಕೆಗೆ ಬಂದಿತು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಯೀಸ್ಟ್ ಮೂಲಕ ತಯಾರಿಸಿದ್ದನ್ನು ಹೊರತಂದಿತು. ಅಲ್ಲಿಯೂ ಸೂಕ್ಷ್ಮ ಜೀವಗಳಿವೆ, ನಿಜ. ಗೃಹಸ್ಥನ ಅಣುವ್ರತ ಬಿಡಿಸುವುದು ಸಂಕಲ್ಪಪೂರ್ವಕವಾದ ತ್ರಸಹಿಂಸೆಯನ್ನು.

ಗುಟ್ಟಾಗಿ ನಿಯಮ ಮುರಿಯಬೇಡ, ಬಹಿರಂಗವಾಗಿ ತಿದ್ದಿಕೊ ಎಂದು ಹುಡುಗಿಗೆ ಹೇಳಿದೆ. ಆಕೆ ಮುನಿಗಳಲ್ಲಿಗೆ ಹೋಗಿ, ರೋಗ ಬರುವ ಮೊದಲೇ ತೆಗೆದುಕೊಂಡ ನಿಯಮವನ್ನು ನಿವೇದಿಸಿ, ಔಷಧ ಮತ್ತು ನೀರು ಹೊರತೆಂದು ಮತ್ತೆ ಸ್ವೀಕರಿಸಿದಳು. ಅಜ್ಜಿ ಮೌನವಾಗಿದ್ದರು.

ಜನವರಿಯಲ್ಲಿ ಪತ್ರ ಬಂದಿತು. ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ನೋಡಿದರೆ 54. ಗ್ಲೂಕೋಸ್ ತೆಗೆದುಕೊಂಡು, ಮತ್ತೆ ಅಳೆದು, ಪಂಚನಮಸ್ಕಾರ ಹೇಳಿಕೊಂಡು ಮಲಗಿದೆನೆಂದು ಬರೆದಿದ್ದಳು. ನಾನದನ್ನು ಅಜ್ಜಿಗೆ ಓದಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು ಒಂದೇ ಮಾತು ಕೇಳಿದರು: “ಮಾಸ್ತರ್ರ, ಅಲ್ಲಿ ಹೊತ್ತು ಯಾವಾಗ ಹುಟ್ಟತೈತಿ?”