ಹತ್ತಿಕೊಂಡಿರುವ ಉಣ್ಣೆ



ಮುಳಬಾಗಿಲು ಸೀಮೆಯ ಆವನಿಯಲ್ಲಿ ಕೂಡುವ ದನಗಳ ಜಾತ್ರೆಯನ್ನು ನಮ್ಮಲ್ಲಿ ಅನೇಕರು ಬಲ್ಲೆವು. ಎತ್ತನ್ನು ಕೊಳ್ಳುವವನು ಹಲ್ಲನ್ನು ನೋಡುತ್ತಾನೆ, ಸುಳಿಯನ್ನು ನೋಡುತ್ತಾನೆ. ಆದರೆ ಕಿವಿಯೊಳಗೂ ಬಾಲದ ಬುಡದಲ್ಲಿಯೂ ಕಚ್ಚಿಕೊಂಡಿರುವ ಉಣ್ಣೆಯನ್ನು ನೋಡದೆ ಹಗ್ಗ ಹಿಡಿಯುವವರುಂಟು.

ಈ ಉಣ್ಣೆಯು ಎಂಥಾದ್ದು? ಅದು ಒಡಲೊಳಗೆ ಹೊಗುವುದಿಲ್ಲ. ಹೊರಗಿನ ಚರ್ಮದಲ್ಲಿ ಬಾಯಿ ನೆಟ್ಟು ರಕ್ತ ಹೀರುತ್ತದೆ. ಮೊಟ್ಟೆಯೊಡೆದು ಬರುವಾಗ ಅದಕ್ಕೆ 6 ಕಾಲು, ಗಾತ್ರದಲ್ಲಿ ಸಾಸಿವೆಗಿಂತಲೂ ಚಿಕ್ಕದು. ಪೊರೆ ಕಳಚಿದ ಮೇಲೆ 8 ಕಾಲು. ಹೆಣ್ಣು ಉಣ್ಣೆಯು ಹೊಟ್ಟೆತುಂಬ ಕುಡಿದು, ಹರಳುಬೀಜದಂತೆ ಊದಿ, ತಾನಾಗಿ ಉದುರಿ, ಕೊಟ್ಟಿಗೆಯ ಬಿರುಕಿನಲ್ಲಿಯೋ ಹುಲ್ಲಿನ ಬುಡದಲ್ಲಿಯೋ ಸಾವಿರಾರು ಮೊಟ್ಟೆಗಳನ್ನಿಟ್ಟು ಸಾಯುತ್ತದೆ.

ನಷ್ಟವಾಗುವುದು ರಕ್ತ ಮಾತ್ರವೇ ಅಲ್ಲ. ಕೆಲವು ಜಾತಿಯ ಉಣ್ಣೆಗಳು ಥೈಲೇರಿಯಾ ಎಂಬ ರೋಗಾಣುವನ್ನು ಹೊರುತ್ತವೆ. ಅದು ತಗಲಿದ ಮಿಶ್ರತಳಿಯ ಹಸುವಿಗೆ ಜ್ವರವೇರಿ, ಗಂಟುಗಳು ಬಾತು, ಹಾಲು ಬತ್ತಿ, ತಕ್ಕ ಔಷಧವಿಲ್ಲದಿದ್ದರೆ ಪ್ರಾಣವೇ ಹೋಗಬಹುದು. 1957ರಲ್ಲಿ ಶಿವಮೊಗ್ಗೆಯ ಸೀಮೆಯ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮನುಷ್ಯರೂ ಸತ್ತ ರೋಗವನ್ನು ಹರಡಿದ್ದು ಸಹ ಉಣ್ಣೆಯೇ. ಅಷ್ಟು ಚಿಕ್ಕದರಿಂದ ಅಷ್ಟು ದೊಡ್ಡ ಕೇಡು!

ಇಬ್ರಿಯರಿಗೆ ಬರೆದ ಪತ್ರಿಕೆಯ 12ನೆಯ ಅಧ್ಯಾಯವು ನಮಗೆ ಹತ್ತಿಕೊಳ್ಳುವ ಪಾಪವನ್ನು ತೆಗೆದುಹಾಕಬೇಕೆಂದು ಬೋಧಿಸುತ್ತದೆ. ಆದರೆ ನಾವು ಮಾಡುವುದೇನು? ಹಸುವಿನ ಮೈಗೆ ಔಷಧ ಹಚ್ಚಿ ಶುದ್ಧವಾಯಿತೆನ್ನುತ್ತೇವೆ. ಗೋಡೆಯ ಬಿರುಕನ್ನು ಮುಟ್ಟುವುದಿಲ್ಲ. ಕೆಲವು ವಾರಗಳಲ್ಲಿ ಉಣ್ಣೆಯು ಮತ್ತೆ ಬರುತ್ತದೆ. ಹಾಗೆಯೇ ಆದಿತ್ಯವಾರ ಪಾಪವನ್ನು ಅರಿಕೆಮಾಡಿ, ಹೆಂಡದಂಗಡಿಯ ಸ್ನೇಹವನ್ನೂ ಅಣ್ಣತಮ್ಮಂದಿರ ಮೇಲಿನ ಹಳೆಯ ಹಗೆಯನ್ನೂ ಹಾಗೆಯೇ ಇಟ್ಟುಕೊಳ್ಳುತ್ತೇವೆ. ಮೊಟ್ಟೆಗಳಿರುವುದು ಅಲ್ಲಿಯೇ ಅಲ್ಲವೇ?

ಇನ್ನೊಂದು ಮಾತು. ಜ್ವರ ಹಿಡಿದ ದನವನ್ನು ತೊಳೆದು, ಕೊಂಬಿಗೆ ಎಣ್ಣೆ ಸವರಿ, ತಿಳಿದೂ ತಿಳಿಸದೆ ಜಾತ್ರೆಯಲ್ಲಿ ಮಾರುವವನು ತನ್ನ ಉಣ್ಣೆಯನ್ನು ನೆರೆಯವನ ಕೊಟ್ಟಿಗೆಗೆ ಕಳುಹಿಸುತ್ತಾನೆ. ಕೊಳ್ಳುವವನು ಸಾಲಮಾಡಿ ಬಂದ ಬಡವನಾಗಿರಬಹುದು. ಅವನ ಮಕ್ಕಳ ಹಾಲು ಆ ಹಸುವಿನಲ್ಲಿಯೇ ಇರಬಹುದು. ಅವನು ನಮ್ಮ ಸಭೆಯವನಲ್ಲವೆಂಬ ನೆವವು ದೇವರ ಮುಂದೆ ನಿಲ್ಲದು.

ಆದಕಾರಣ, ಪ್ರಿಯರೇ, ಈ ವಾರವೇ ಕೊಟ್ಟಿಗೆಯ ಬಿರುಕುಗಳನ್ನು ಮೆತ್ತಿರಿ, ಗೋಡೆಗೆ ಸುಣ್ಣ ಬಳಿಯಿರಿ, ಪಶುವೈದ್ಯರನ್ನು ಕೇಳಿ ಔಷಧ ಹಾಕಿರಿ, ಉಣ್ಣೆಯನ್ನು ಬರಿಗೈಯಿಂದ ಹಿಸುಕಬೇಡಿರಿ. ಆ ಕೆಲಸ ಮಾಡುತ್ತಿರುವಾಗಲೇ ಹೃದಯದ ಬಿರುಕುಗಳನ್ನೂ ಕರ್ತನಿಗೆ ತೋರಿಸಿರಿ. ನಮ್ಮ ಕಣ್ಣಿಗೆ ಮರೆಯಾದದ್ದು ಆತನಿಗೆ ಮರೆಯಾಗಿಲ್ಲ. ತೋರಿಸಿದವರನ್ನು ಆತನು ತಳ್ಳಿಬಿಡುವವನೂ ಅಲ್ಲ. ಆಮೆನ್.