ಬೀದಿ ಯಾರದು?

ಮನೆಗೆ ಒಡೆಯನುಂಟು, ಹೊಲಕ್ಕೆ ಹಿಡುವಳಿದಾರನುಂಟು, ದೇವಾಲಯಕ್ಕೆ ಧರ್ಮದರ್ಶಿಗಳುಂಟು. ಬೀದಿಗೆ ಮಾತ್ರ ಒಬ್ಬ ಒಡೆಯನೆಂಬುವನಿಲ್ಲ. ಅದು ಎಲ್ಲರದು. ಆದರೆ ಎಲ್ಲರದೂ ಆದ ವಸ್ತುವಿಗೆ ಒಂದು ಅಪಾಯ ತಪ್ಪದು. ಅದು ಬಲವುಳ್ಳವನ ಪಾಲಾಗುವುದು ಸುಲಭ. ಹಾಗೆ ಪಾಲಾದುದು ಯಾರ ಗಮನಕ್ಕೂ ಬಾರದಿರುವುದು ಇನ್ನೂ ಸುಲಭ. ಗೋಮಾಳಗಳೂ ಕೆರೆಯಂಗಳಗಳೂ ಹೇಗೆ ಕರಗಿದುವೆಂಬುದನ್ನು ಬಲ್ಲವರಿಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ನಗರದ ಬೀದಿಯೂ ಅಂತಹುದೇ ಒಂದು ಸಾಮಾನ್ಯ ಸ್ವತ್ತು. ಅದರ ಹಂಚಿಕೆಯಲ್ಲಿ ನ್ಯಾಯವಾವುದೆಂಬುದನ್ನು ವಿಚಾರಿಸಲು, ಬೀದಿಯಿಂದ ಹೊರದೂಡಲ್ಪಟ್ಟು ಕೆಲವೆಡೆ ಮರಳಿ ಬಂದ ಟ್ರಾಂ ಗಾಡಿಯ ಚರಿತ್ರೆ ಒಳ್ಳೆಯ ನಿದರ್ಶನವಾಗಿದೆ.

ಕಲ್ಕತ್ತೆಯಲ್ಲಿ 1873ರಲ್ಲಿಯೂ ಮುಂಬಯಿಯಲ್ಲಿ 1874ರಲ್ಲಿಯೂ ಕುದುರೆಗಳು ಎಳೆಯುವ ಟ್ರಾಂ ಮೊದಲಾಯಿತು. ಮದರಾಸಿನಲ್ಲಿ 1895ರಲ್ಲಿ ಅದು ವಿದ್ಯುಚ್ಛಕ್ತಿಯಿಂದ ಓಡಿತು. ಓದಿಗೆಂದು ಮದರಾಸಿಗೂ ಹೊಟ್ಟೆಪಾಡಿಗೆಂದು ಮುಂಬಯಿಗೂ ಹೋದ ಹಿಂದಿನ ತಲೆಮಾರಿನ ಕನ್ನಡಿಗರಿಗೆ ಅದರ ಗಂಟೆಯ ಸದ್ದು ಪರಿಚಿತವಾಗಿದ್ದಿತು. ಮದರಾಸಿನ ಟ್ರಾಂ 1953ರಲ್ಲಿ ನಿಂತಿತು, ಮುಂಬಯಿಯದು 1964ರಲ್ಲಿ. ಫ್ರಾನ್ಸ್ ದೇಶದಲ್ಲಿಯೂ ಪ್ಯಾರಿಸ್ ನಗರವು 1937ರಲ್ಲಿ, ನಾಂತ್ 1958ರಲ್ಲಿ, ಸ್ಟ್ರಾಸ್‌ಬರ್ಗ್ 1960ರಲ್ಲಿ ಟ್ರಾಮನ್ನು ತೊರೆದುವು. ಅನೇಕ ಕಡೆಗಳಲ್ಲಿ ಅದರ ಮೇಲೆ ಬಂದ ಆರೋಪ ಒಂದೇ: ಇದು ದಾರಿಗೆ ಅಡ್ಡಿ.

ಯಾರ ದಾರಿಗೆ? ಈ ಪ್ರಶ್ನೆಯನ್ನು ಕೇಳಿದವರು ವಿರಳ. ಕಂಬಿಯ ಸುತ್ತಲೂ ಮೋಟಾರುಗಳು ಕಿಕ್ಕಿರಿದಾಗ ಟ್ರಾಂ ಮುಂದೆ ಸಾಗಲಾರದೆ ಮಂದಗತಿಯದಾಯಿತು. ಮಂದಗತಿಯದಾದುದರಿಂದ ನಿರುಪಯೋಗಿಯೆಂದು ದೂಷಿತವಾಯಿತು. ಕಾರ್ಯವನ್ನು ಕಾರಣವೆಂದು ತಿಳಿಯುವ ಭ್ರಾಂತಿಯಿದು. ಮೂವತ್ತು ಮೀಟರಿಗಿಂತ ಸ್ವಲ್ಪ ಉದ್ದವಾದ ಒಂದು ಟ್ರಾಂ ಸುಮಾರು 200 ಜನರನ್ನು ಹೊರಬಲ್ಲದು. ಅದೇ ಉದ್ದದ ಬೀದಿಯಲ್ಲಿ ಸಾಲಾಗಿ ನಿಂತ ಐದಾರು ಮೋಟಾರುಗಳಲ್ಲಿ ಹತ್ತು ಜನರಿದ್ದರೆ ಹೆಚ್ಚು. ಗಾಡಿಗಳನ್ನು ಎಣಿಸುವವನಿಗೆ ಒಂದಕ್ಕಿಂತ ಆರು ದೊಡ್ಡದು. ತಲೆಗಳನ್ನು ಎಣಿಸುವವನಿಗೆ ಹತ್ತಕ್ಕಿಂತ ಇನ್ನೂರು ದೊಡ್ಡದು. ನ್ಯಾಯದ ಪ್ರಶ್ನೆಯು ಈ ಎರಡು ಎಣಿಕೆಗಳಲ್ಲಿ ಯಾವುದು ಸರಿಯೆಂಬುದೇ ಆಗಿದೆ.

ಇಲ್ಲಿ ಪೂರ್ವಪಕ್ಷವೊಂದುಂಟು. ಸ್ವಂತ ವಾಹನವು ಮನುಷ್ಯನಿಗೆ ಸ್ವಾತಂತ್ರ್ಯವನ್ನು ಕೊಡುತ್ತದೆ. ಬೇಕೆಂದಾಗ ಬೇಕಾದಲ್ಲಿಗೆ ಹೋಗುವ ಆ ಸೌಲಭ್ಯವನ್ನು ಕುಗ್ಗಿಸುವ ಅಧಿಕಾರ ಪುರಸಭೆಗೆಲ್ಲಿಯದು? ಈ ವಾದವು ತಳ್ಳಿಹಾಕತಕ್ಕುದಲ್ಲ. ರಾತ್ರಿಯಲ್ಲಿ ರೋಗಿಯನ್ನು ಕರೆದೊಯ್ಯಬೇಕಾದವನಿಗೆ ಮೋಟಾರು ಆಪದ್ಬಾಂಧವನೇ ಸರಿ. ಆದರೆ ಆ ಸ್ವಾತಂತ್ರ್ಯದ ಸ್ವರೂಪವನ್ನು ಪರೀಕ್ಷಿಸಬೇಕು. ಊರಿನಲ್ಲಿ ನೂರು ಮಂದಿಗೆ ಮಾತ್ರ ಮೋಟಾರಿದ್ದಾಗ ನೂರು ಮಂದಿಯೂ ಸ್ವತಂತ್ರರು. ಲಕ್ಷ ಮಂದಿಗೆ ಬಂದಾಗ ಲಕ್ಷ ಮಂದಿಯೂ ಒಬ್ಬರಿಗೊಬ್ಬರು ಸಂಕೋಲೆಯಾಗುತ್ತಾರೆ. ಅಕ್ಷರವನ್ನು ಎಷ್ಟು ಜನ ಕಲಿತರೂ ಒಬ್ಬನ ಕಲಿಕೆ ಇನ್ನೊಬ್ಬನದನ್ನು ಕುಂದಿಸುವುದಿಲ್ಲ. ಇದು ಹಾಗಲ್ಲ. ಎಲ್ಲರೂ ಏಕಕಾಲದಲ್ಲಿ ಅನುಭವಿಸಲಾಗದ ಸ್ವಾತಂತ್ರ್ಯವನ್ನು ಹಕ್ಕೆಂದು ಕರೆಯುವುದಕ್ಕಿಂತ ವಿಶೇಷಾಧಿಕಾರವೆಂದು ಕರೆಯುವುದೇ ಯುಕ್ತ.

ಸ್ಟ್ರಾಸ್‌ಬರ್ಗಿನ ಜನರ ಮುಂದೆ 1989ರ ಪುರಸಭೆಯ ಚುನಾವಣೆಯಲ್ಲಿ ಈ ಪ್ರಶ್ನೆಯೇ ಮೂರ್ತಿವತ್ತಾಗಿ ನಿಂತಿತು. ನೆಲದಡಿಯಲ್ಲಿ ಚಾಲಕನಿಲ್ಲದೆ ಓಡುವ ರೈಲು ಒಂದು ಪಕ್ಷದವರ ಯೋಜನೆ. ಬೀದಿಯ ಮೇಲೆಯೇ ಓಡುವ ಟ್ರಾಂ ಇನ್ನೊಂದು ಪಕ್ಷದವರದು. ಅಂಗಡಿಗಾರರಲ್ಲಿ ಅನೇಕರ ಒಲವು ಮೊದಲನೆಯದರ ಕಡೆಗೆ. ಏಕೆಂದರೆ ಅದು ಬೀದಿಯನ್ನು ಮೋಟಾರುಗಳಿಗೆ ಇದ್ದಂತೆಯೇ ಬಿಟ್ಟುಕೊಡುತ್ತಿದ್ದಿತು. ಪಾದಚಾರಿಯೂ ಪ್ರಯಾಣಿಕನೂ ಪಾತಾಳಕ್ಕಿಳಿಯಬೇಕು, ಮೋಟಾರು ಬೆಳಕಿನಲ್ಲಿರಬೇಕು ಎಂಬುದೇ ಅದರ ತಾತ್ಪರ್ಯ. ಟ್ರಾಮಿನ ಪಕ್ಷದ ಕ್ಯಾಥರೀನ್ ಟ್ರೌಟ್‌ಮನ್ ಎಂಬ ಮಹಿಳೆ ಗೆದ್ದು ಮೇಯರಾದರು. 1992ರಲ್ಲಿ ನಗರಮಧ್ಯದ ಕ್ಲೇಬರ್ ಚೌಕವನ್ನು ಹಾದುಹೋಗುತ್ತಿದ್ದ ಮೋಟಾರುಗಳ ದಾರಿ ಮುಚ್ಚಿತು. 1994ರ ನವೆಂಬರಿನಲ್ಲಿ ಟ್ರಾಂ ಓಡಿತು. ಮರುವರ್ಷದ ಚುನಾವಣೆಯಲ್ಲಿ ಜನರು ಆಕೆಯನ್ನೇ ಮತ್ತೆ ಆರಿಸಿದರು.

ಧರ್ಮಕಾರ್ಯಕ್ಕೆ ಎಲ್ಲೆಡೆಯಲ್ಲಿಯೂ ಇಂತಹ ಫಲ ದೊರೆಯುವುದೆಂದು ಭಾವಿಸಬಾರದು. ನಾಂತ್ ನಗರದಲ್ಲಿ ಟ್ರಾಮನ್ನು ಮರಳಿ ತರಲು ಹೆಣಗಿದ ಮೇಯರ್ ಅಲೇನ್ ಶೆನಾರ್ 1983ರ ಚುನಾವಣೆಯಲ್ಲಿ ಸೋತರು. ಗಾಡಿ ಓಡಿದುದು 1985ರ ಆರಂಭದಲ್ಲಿ, ಆತನು ಅಧಿಕಾರವನ್ನು ಕಳೆದುಕೊಂಡ ಮೇಲೆ. ಫ್ರಾನ್ಸಿನ ಇತರ ನಗರಗಳಿಗೆ ದಾರಿ ತೋರಿದುದು ಆ ಗಾಡಿಯೇ. ಸಾಲುಮರ ನೆಟ್ಟವರೆಲ್ಲರೂ ಅದರ ನೆರಳಿನಲ್ಲಿ ಕುಳಿತವರಲ್ಲ.

ಇನ್ನೊಂದು ಆಕ್ಷೇಪ ವೆಚ್ಚದ್ದು. ಸ್ಕಾಟ್ಲೆಂಡಿನ ಎಡಿನ್‌ಬರೊ ನಗರದ ಟ್ರಾಂ ಹಲವು ವರ್ಷ ತಡವಾಗಿ 2014ರಲ್ಲಿ ಆರಂಭವಾದಾಗ, 54.5 ಕೋಟಿ ಪೌಂಡುಗಳೆಂದಿದ್ದ ವೆಚ್ಚವು 77.6 ಕೋಟಿಗೆ ಏರಿದ್ದಿತು. ದಾರಿಯೂ ಮೊದಲು ಎಣಿಸಿದ್ದಕ್ಕಿಂತ ಮೊಟಕಾಗಿದ್ದಿತು. ವರ್ಷಗಟ್ಟಲೆ ಬೀದಿ ಅಗೆದುಬಿದ್ದಿರುವಾಗ ಗಿರಾಕಿಗಳಿಲ್ಲದೆ ಬಾಗಿಲು ಮುಚ್ಚುವ ಸಣ್ಣ ಅಂಗಡಿಯವನ ಕಷ್ಟ ಸುಳ್ಳಲ್ಲ. ಎಲ್ಲರ ಹಿತಕ್ಕಾಗಿ ಒಬ್ಬನು ನಷ್ಟವನ್ನು ಹೊರಬೇಕೆಂಬುದು ನ್ಯಾಯವಲ್ಲ. ಹಿತವು ಎಲ್ಲರದಾದರೆ ನಷ್ಟವೂ ಎಲ್ಲರದಾಗಬೇಕು. ಫ್ರಾನ್ಸಿನ ಹಲವು ನಗರಗಳು ಇಂತಹ ವ್ಯಾಪಾರಿಗಳಿಗೆ ಪರಿಹಾರ ಕೊಡಲು ಮಂಡಲಿಗಳನ್ನು ನೇಮಿಸಿದುದು ಈ ತತ್ತ್ವಕ್ಕೆ ಅನುಗುಣವಾಗಿದೆ.

ಬಸ್ಸಿನಿಂದ ಈ ಕೆಲಸವಾಗದೆ? ಆಗಬಹುದು, ಬೀದಿಯಲ್ಲಿ ತನ್ನದೇ ಆದ ಪಥ ದೊರೆತ ಬಸ್ಸು ಇದೇ ನ್ಯಾಯವನ್ನು ಕಡಿಮೆ ವೆಚ್ಚದಲ್ಲಿ ಬಹುಮಟ್ಟಿಗೆ ಸಲ್ಲಿಸಬಲ್ಲದು. ನೆಲದಲ್ಲಿ ಹೂತ ಕಂಬಿಯು ನಗರವು ಕೊಟ್ಟ ವಾಗ್ದಾನವಿದ್ದಂತೆ, ಬಸ್ಸಿನ ದಾರಿಯನ್ನಾದರೆ ಒಂದು ಕಾಗದದಿಂದ ಬದಲಿಸಬಹುದು ಎಂದು ಟ್ರಾಮಿನ ಪಕ್ಷಪಾತಿಗಳು ಹೇಳುವುದುಂಟು. ಮಾತು ಚೆನ್ನಾಗಿದೆ, ಆದರೆ ಮದರಾಸು ಮುಂಬಯಿಗಳಲ್ಲಿ ಕಂಬಿಯಿದ್ದೂ ಟ್ರಾಂ ಉಳಿಯಲಿಲ್ಲ. ವಾಗ್ದಾನವನ್ನು ಕಾಯುವುದು ಕಬ್ಬಿಣವಲ್ಲ, ಜನರ ಮನಸ್ಸು.

ಆ ಮನಸ್ಸು ಎಂತಹದಾಗಿರಬೇಕೆಂಬುದಕ್ಕೆ ಗ್ರೆನೋಬ್ಲ್ ನಗರವು ಸಾಕ್ಷಿ. 1987ರಲ್ಲಿ ಅಲ್ಲಿ ಟ್ರಾಂ ಮರಳಿದಾಗ, ಅಂಗವಿಕಲರ ಸಂಘಗಳ ಒತ್ತಾಯದಿಂದ ಗಾಡಿಯ ನೆಲವನ್ನೇ ತಗ್ಗಿಸಿದರು. ಗಾಲಿಕುರ್ಚಿಯಲ್ಲಿ ಕುಳಿತವನು ಪರರ ತೋಳನ್ನು ಬೇಡದೆ ಒಳಹೋದನು. ಅವನಿಗಾಗಿ ತಗ್ಗಿಸಿದ ನೆಲವು ಮುದುಕಿಗೂ ಕೂಸನ್ನೆತ್ತಿದ ತಾಯಿಗೂ ಅನುಕೂಲವಾಯಿತು.

2024ರಲ್ಲಿ ಪಶ್ಚಿಮ ಬಂಗಾಳದ ಸರಕಾರವು ಕಲ್ಕತ್ತೆಯ ಟ್ರಾಮನ್ನು ಮೈದಾನದ ಬಳಿಯ ಒಂದು ಸಣ್ಣ ದಾರಿಯಲ್ಲಿ ಸ್ಮಾರಕದಂತೆ ಮಾತ್ರ ಉಳಿಸುವುದಾಗಿ ಸಾರಿತು. ಸ್ಮಾರಕವು ನೋಡಬಂದವನನ್ನು ಸಂತೋಷಪಡಿಸೀತು, ಕೆಲಸಕ್ಕೆ ಹೊರಟವನನ್ನು ತಲಪಿಸಲಾರದು. ಟ್ರಾಂ ಮರಳಿ ಬರಲಿ, ಬಾರದಿರಲಿ; ಅದು ಎತ್ತಿದ ಪ್ರಶ್ನೆಯು ಪ್ರತಿಯೊಂದು ನಗರದಲ್ಲಿಯೂ ಉಳಿದಿದೆ. ಮೋಟಾರು ನಡೆಸಲಾರದ ಮಗುವೂ ಮುದುಕನೂ ಕುರುಡನೂ ಬಡವನೂ ಮನೆಯಿಂದ ಹೊರಟು, ಅಂಜದೆ, ಯಾರನ್ನೂ ಬೇಡದೆ ತಮ್ಮ ಕೆಲಸಕ್ಕೆ ಹೋಗಿ ಮರಳಿ ಬರಬಲ್ಲರಾದರೆ, ಆ ಬೀದಿ ಎಲ್ಲರದೆಂದು ಹೇಳಬಹುದು.